ಯಕೃತ್ತಿನ ಗ್ಲೂಕೋಸ್ ಉತ್ಪಾದನೆಗೆ ತಡೆ ಎಲ್ಲಿದೆ? ಎಎಂಪಿಕೆ ವಾದದ ಮರುಪರಿಶೀಲನೆ

ಉಪವಾಸದ ವೇಳೆ ಯಕೃತ್ತು ಗ್ಲೈಕೋಜನ್ ಒಡೆದೂ ಲ್ಯಾಕ್ಟೇಟ್, ಗ್ಲಿಸರಾಲ್, ಅಮೈನೋ ಆಮ್ಲಗಳಿಂದ ಹೊಸದಾಗಿ ಕಟ್ಟಿಯೂ ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತದೆ. ಗ್ಲುಕಗಾನ್ ಇದನ್ನು ಹೆಚ್ಚಿಸುತ್ತದೆ, ಇನ್ಸುಲಿನ್ ತಗ್ಗಿಸುತ್ತದೆ. ಇಷ್ಟರಲ್ಲಿ ವಿವಾದವಿಲ್ಲ. ಪೈರುವೇಟ್‌ನಿಂದ ಒಂದು ಗ್ಲೂಕೋಸ್ ಅಣು ಕಟ್ಟಲು 4 ಎಟಿಪಿ, 2 ಜಿಟಿಪಿ ವೆಚ್ಚವಾಗುವುದರಿಂದ, ಶಕ್ತಿ ಕುಗ್ಗಿದಾಗ ಜೀವಕೋಶ ಈ ಕೆಲಸ ತಡೆಯಬೇಕೆಂಬುದೂ ಸರ್ವಸಮ್ಮತ. ಆ ಕುಗ್ಗುವಿಕೆಯನ್ನು ಯಾವುದು ಗುರುತಿಸುತ್ತದೆ ಎಂಬಲ್ಲಿ ಭಿನ್ನಾಭಿಪ್ರಾಯವಿದೆ.

2005ರಲ್ಲಿ ರೂಬೆನ್ ಶಾ ಮತ್ತು ಸಂಗಡಿಗರು, ಯಕೃತ್ತಿನಲ್ಲಿ ಎಲ್‌ಕೆಬಿ1 ಕಿಣ್ವವಿಲ್ಲದ ಇಲಿಗಳಲ್ಲಿ, ಜೀವಕೋಶದ ಶಕ್ತಿಯನ್ನು ಕುಗ್ಗಿಸುವ ಮಧುಮೇಹದ ಔಷಧ ಮೆಟ್‌ಫಾರ್ಮಿನ್ ರಕ್ತದ ಗ್ಲೂಕೋಸನ್ನು ಇಳಿಸುವುದಿಲ್ಲವೆಂದು ತೋರಿಸಿದರು. ಎಲ್‌ಕೆಬಿ1, ಶಕ್ತಿಯ ಕೊರತೆಗೆ ಸ್ಪಂದಿಸುವ ಎಎಂಪಿಕೆ ಎಂಬ ಕೈನೇಸನ್ನು ಚುರುಕುಗೊಳಿಸುವ ಕಿಣ್ವ. ಹಾಗಾಗಿ ಎಎಂಪಿಕೆಯೇ ಜೀನುಗಳ ಮೂಲಕ ಗ್ಲೂಕೋಸ್ ಉತ್ಪಾದನೆಗೆ ಕಡಿವಾಣ ಹಾಕುತ್ತದೆ ಎಂಬ ತೀರ್ಮಾನ ಪಠ್ಯಪುಸ್ತಕಗಳಿಗೂ ಹೋಯಿತು.

ಈ ತೀರ್ಮಾನ ಸಾಕ್ಷ್ಯಕ್ಕಿಂತ ಮುಂದೆ ಹೋಗಿದೆ. ಎಲ್‌ಕೆಬಿ1 ಎಎಂಪಿಕೆಯೊಂದಿಗೆ ಇನ್ನೂ ಹನ್ನೆರಡು ಕೈನೇಸ್‌ಗಳನ್ನು ಚುರುಕುಗೊಳಿಸುತ್ತದೆ. ಅವುಗಳಲ್ಲಿ ಎಸ್‌ಐಕೆ ಗುಂಪು ಗ್ಲೂಕೋಸ್ ಉತ್ಪಾದನೆಯ ಜೀನುಗಳನ್ನೇ ಹತ್ತಿಕ್ಕುವಂಥದ್ದು. ಆದ್ದರಿಂದ ಎಲ್‌ಕೆಬಿ1 ಇಲ್ಲದ ಯಕೃತ್ತನ್ನು ಎಎಂಪಿಕೆ ಇಲ್ಲದ ಯಕೃತ್ತೆಂದು ಓದಲಾಗದು. 2010ರಲ್ಲಿ ಮಾರ್ಕ್ ಫೊರೆಟ್ಸ್ ಮತ್ತು ಸಂಗಡಿಗರು ಎಎಂಪಿಕೆಯ ಎರಡೂ ವೇಗವರ್ಧಕ ಉಪಘಟಕಗಳನ್ನು ತೆಗೆದರು; ಮೆಟ್‌ಫಾರ್ಮಿನ್ ಗ್ಲೂಕೋಸ್ ಉತ್ಪಾದನೆಯನ್ನು ಆಗಲೂ ತಗ್ಗಿಸಿತು. ಜೀನುಗಳ ಅಭಿವ್ಯಕ್ತಿಯನ್ನು ಒತ್ತಾಯದಿಂದ ಏರಿಸಿದಾಗಲೂ ತಗ್ಗಿಸಿತು. ಹಾಗಿದ್ದರೆ ತಡೆ ಬೀಳುವ ಜಾಗ ಜೀನಲ್ಲ, ಚಯಾಪಚಯದ ಹಾದಿಯೇ.

ಇಲ್ಲಿ ಎಎಂಪಿಯ ಗಣಿತ ಗಮನಾರ್ಹ. ಎರಡು ಎಡಿಪಿ ಸೇರಿ ಒಂದು ಎಟಿಪಿ, ಒಂದು ಎಎಂಪಿ ಆಗುತ್ತವೆ. ಎಎಂಪಿಯ ಮೂಲ ಪ್ರಮಾಣ ತೀರ ಕಡಿಮೆಯಾದ್ದರಿಂದ, ಎಟಿಪಿ ಸ್ವಲ್ಪ ಇಳಿದರೂ ಅದು ಹಲವು ಪಟ್ಟು ಏರುತ್ತದೆ. ಗ್ಲೂಕೋಸ್ ಕಟ್ಟುವ ಹಾದಿಯ ಫ್ರಕ್ಟೋಸ್-1,6-ಬಿಸ್‌ಫಾಸ್ಫಟೇಸ್ ಕಿಣ್ವವನ್ನು ಎಎಂಪಿ ನೇರವಾಗಿ ತಡೆಯುವುದು 1960ರ ದಶಕದಿಂದಲೇ ತಿಳಿದ ಸಂಗತಿ. ಕೇ ಸಕಾಮೊಟೊ ಅವರ ತಂಡ 2018ರಲ್ಲಿ ಈ ಕಿಣ್ವದ 27ನೆಯ ಅಮೈನೋ ಆಮ್ಲವನ್ನು ಬದಲಿಸಿ ಅದು ಎಎಂಪಿಗೆ ಸ್ಪಂದಿಸದಂತೆ ಮಾಡಿತು. ಆ ಇಲಿಗಳಲ್ಲಿ ಮೆಟ್‌ಫಾರ್ಮಿನ್‌ನ ತಕ್ಷಣದ ಪರಿಣಾಮ ಕುಂದಿತು.

ಶಕ್ತಿಯ ಕೊರತೆಯನ್ನು ಮೊದಲು ಗುರುತಿಸಿ ಸ್ಪಂದಿಸುವುದು ಗ್ಲೂಕೋಸ್ ಕಟ್ಟುವ ಈ ಕಿಣ್ವವೇ ಎಂಬುದು ನನ್ನ ವಾದ. ಇದು ಬಹುಶಃ ನಿಮಿಷಗಳ ಅವಧಿಗೆ ಮಾತ್ರ, ಅದೂ ಇಲಿಯ ಯಕೃತ್ತಿಗೆ ಸಂಬಂಧಿಸಿ, ಸಲ್ಲುತ್ತದೆ. ದೀರ್ಘಾವಧಿಯಲ್ಲಿ ಕೊಬ್ಬಿನ ತಯಾರಿಕೆಯನ್ನು ತಗ್ಗಿಸಿ ಇನ್ಸುಲಿನ್ ಸ್ಪಂದನೆಯನ್ನು ಸುಧಾರಿಸುವಲ್ಲಿ ಎಎಂಪಿಕೆಯ ಪಾತ್ರವನ್ನು ಈ ವಾದ ಅಲ್ಲಗಳೆಯುವುದಿಲ್ಲ. ಎಎಂಪಿ ಅಡಿನೈಲೇಟ್ ಸೈಕ್ಲೇಸನ್ನೂ ತಡೆದು ಗ್ಲುಕಗಾನ್ ಸಂಕೇತವನ್ನು ಮಂಕಾಗಿಸುತ್ತದೆಂಬ 2013ರ ಫಲಿತಾಂಶವೂ ಇದರೊಂದಿಗೆ ನಿಲ್ಲಬಲ್ಲದು. ಪ್ರಮಾಣದ ತೊಡಕು ಮಾತ್ರ ಗಂಭೀರವಾದದ್ದು: ಅನೇಕ ಕೋಶಪ್ರಯೋಗಗಳು ಬಳಸಿದ ಮೆಟ್‌ಫಾರ್ಮಿನ್ ಮಿಲಿಮೋಲಾರ್ ಮಟ್ಟದ್ದು, ಚಿಕಿತ್ಸೆಯಲ್ಲಿ ರಕ್ತದಲ್ಲಿರುವುದು ಮೈಕ್ರೋಮೋಲಾರ್ ಮಟ್ಟದ್ದು. ಆ ಕಡಿಮೆ ಪ್ರಮಾಣದಲ್ಲಿ ಮನುಷ್ಯನ ಯಕೃತ್ತಿನ ಎಎಂಪಿ ಸಾಕಷ್ಟು ಏರುತ್ತದೆಯೇ? ರಂಜಕದ ಕಾಂತೀಯ ಅನುರಣನ ಮಾಪನ ಎಟಿಪಿಯನ್ನು ತೋರಿಸಬಲ್ಲದು; ಮುಕ್ತ ಎಎಂಪಿ ಅದರ ಗ್ರಹಿಕೆಗಿಂತ ಕೆಳಗಿದೆ.