ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ವಾಕ್‌ಸ್ವಾತಂತ್ರ್ಯ: ೧೮೩೧ ಮತ್ತು ೧೮೪೩

ವಿದ್ಯಾಶಾಲೆಗಳಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಎಷ್ಟರ ಮಟ್ಟಿಗೆ ಸ್ವತಂತ್ರವಾಗಿ ಮಾತನಾಡಬಹುದು, ಆ ಮಾತಿಗೆ ಮೇರೆಯನ್ನು ಕಟ್ಟುವ ಅಧಿಕಾರ ಯಾರದು ಎಂಬ ಪ್ರಶ್ನೆಯು ಭರತಖಂಡದಲ್ಲಿ ವಿಶ್ವವಿದ್ಯಾನಿಲಯಗಳು ಏರ್ಪಡುವುದಕ್ಕೆ ಮೊದಲೇ ತಲೆದೋರಿತು. ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೧೮೫೭ರಲ್ಲಿ. ಅದಕ್ಕೆ ಇಪ್ಪತ್ತಾರು ವರ್ಷ ಮುಂಚೆ, ೧೮೩೧ರ ಏಪ್ರಿಲ್ ತಿಂಗಳಿನಲ್ಲಿ, ಅದೇ ನಗರದ ಹಿಂದೂ ಕಾಲೇಜಿನ ಉಪಾಧ್ಯಾಯರೊಬ್ಬರು ತಮ್ಮ ಬೋಧನೆಯ ಕಾರಣದಿಂದ ಕೆಲಸವನ್ನು ಕಳೆದುಕೊಂಡರು. ಹನ್ನೆರಡು ವರ್ಷಗಳ ತರುವಾಯ, ೧೮೪೩ರ ಫೆಬ್ರವರಿಯಲ್ಲಿ, ಅದೇ ಕಾಲೇಜಿನ ಸಭಾಂಗಣದಲ್ಲಿ ನಡೆಯುತ್ತಿದ್ದ ಪ್ರಬಂಧವಾಚನವನ್ನು ಪ್ರಿನ್ಸಿಪಾಲರು ನಡುವೆಯೇ ತಡೆದರು. ಮೊದಲನೆಯ ಪ್ರಸಂಗದಲ್ಲಿ ನಿರ್ಬಂಧವನ್ನು ವಿಧಿಸಿದವರು ಹಿಂದೂ ಸಮಾಜದ ಮುಖಂಡರು. ಎರಡನೆಯದರಲ್ಲಿ ಆಂಗ್ಲ ಅಧಿಕಾರಿ. ಒಂದನ್ನು ಸಮಾಜಸುಧಾರಣೆಯ ಚರಿತ್ರೆಯಲ್ಲಿಯೂ ಇನ್ನೊಂದನ್ನು ರಾಜಕೀಯದ ಚರಿತ್ರೆಯಲ್ಲಿಯೂ ಬೇರೆ ಬೇರೆಯಾಗಿ ಹೇಳುವುದು ವಾಡಿಕೆ. ಎರಡನ್ನೂ ಒಟ್ಟಿಗಿಟ್ಟು ಪರಿಶೀಲಿಸಿದರೆ, ಎರಡರಲ್ಲಿಯೂ ಆಡಿದ ಮಾತು ಸತ್ಯವೋ ಅಸತ್ಯವೋ ಎಂಬ ವಿಚಾರಣೆಯು ನಡೆಯದೆಯೇ ನಿರ್ಬಂಧವು ಬಂದಿತೆಂಬುದು ತಿಳಿದುಬರುತ್ತದೆ.

ಹಿಂದೂ ಕಾಲೇಜು ೧೮೧೭ರ ಜನವರಿ ೨೦ರಂದು ಇಪ್ಪತ್ತು ಮಂದಿ ವಿದ್ಯಾರ್ಥಿಗಳಿಂದ ಆರಂಭವಾಯಿತು. ಅದು ಸರ್ಕಾರದ ಸಂಸ್ಥೆಯಾಗಿ ಹುಟ್ಟಲಿಲ್ಲ. ಗಡಿಯಾರದ ಕಸುಬಿನವರಾಗಿ ಬಂದು ಕಲ್ಕತ್ತೆಯಲ್ಲಿ ನೆಲೆಸಿದ್ದ ಡೇವಿಡ್ ಹೇರ್ ಮತ್ತು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ಎಡ್ವರ್ಡ್ ಹೈಡ್ ಈಸ್ಟ್ ಇವರ ಪ್ರೋತ್ಸಾಹದಿಂದ ನಗರದ ಹಿಂದೂ ಶ್ರೀಮಂತರು ಚಂದಾ ಕೂಡಿಸಿ ಅದನ್ನು ಸ್ಥಾಪಿಸಿದರು. ತಮ್ಮ ಮಕ್ಕಳು ಆಂಗ್ಲಭಾಷೆಯನ್ನೂ ಪಾಶ್ಚಾತ್ಯ ಶಾಸ್ತ್ರಗಳನ್ನೂ ಕಲಿಯಬೇಕು, ಆದರೆ ಕುಲಾಚಾರವನ್ನು ಬಿಡಬಾರದು ಎಂಬುದು ಅವರ ಆಶಯ. ಮುಂದೆ ನಿಧಿಯು ಸಾಲದೆ ಹೋಗಲು ಸರ್ಕಾರದ ಸಹಾಯಧನವು ಬಂದಿತು. ಅದರೊಡನೆ ಸರ್ಕಾರದ ಪರವಾಗಿ ಕಾಲೇಜನ್ನು ನೋಡಿಕೊಳ್ಳಲು ಹೋರೇಸ್ ಹೇಮನ್ ವಿಲ್ಸನ್ ಮಹಾಶಯರೂ ಬಂದರು. ಹೀಗೆ ಆ ಸಂಸ್ಥೆಯ ಮೇಲೆ ಎರಡು ಬಗೆಯ ಅಧಿಕಾರವು ನೆಲೆಗೊಂಡಿತು: ಮಕ್ಕಳನ್ನು ಕಳುಹಿಸಿದ ಸಮಾಜದ್ದು ಒಂದು, ಹಣವನ್ನು ಕೊಟ್ಟ ಸರ್ಕಾರದ್ದು ಇನ್ನೊಂದು.

ಹೆನ್ರಿ ಲೂಯಿ ವಿವಿಯನ್ ಡಿರೋಜಿಯೋ ಅವರು ೧೮೦೯ರ ಏಪ್ರಿಲ್ ೧೮ರಂದು ಕಲ್ಕತ್ತೆಯ ಯುರೇಷ್ಯನ್ ಮನೆತನವೊಂದರಲ್ಲಿ ಜನಿಸಿದರು. ಇಪ್ಪತ್ತು ವರ್ಷ ತುಂಬುವ ಮುನ್ನವೇ ಹಿಂದೂ ಕಾಲೇಜಿನಲ್ಲಿ ಉಪಾಧ್ಯಾಯರಾಗಿ ಸಾಹಿತ್ಯವನ್ನೂ ಚರಿತ್ರೆಯನ್ನೂ ಬೋಧಿಸತೊಡಗಿದರು. ಅಷ್ಟರೊಳಗೇ ಆಂಗ್ಲಭಾಷೆಯಲ್ಲಿ ಕವಿಯೆಂಬ ಹೆಸರು ಅವರಿಗೆ ಬಂದಿತ್ತು. ತರಗತಿಯ ಪಾಠವು ಮುಗಿದ ಮೇಲೂ ವಿದ್ಯಾರ್ಥಿಗಳು ಅವರನ್ನು ಬಿಡುತ್ತಿರಲಿಲ್ಲ. ೧೮೨೮ರಲ್ಲಿ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಸಂಘವು ಹುಟ್ಟಿ, ಮಾಣಿಕತಲಾದಲ್ಲಿದ್ದ ಶ್ರೀಕೃಷ್ಣ ಸಿಂಹರ ತೋಟದ ಮನೆಯಲ್ಲಿ ಕೂಡತೊಡಗಿತು. ವಿಧಿ ಮತ್ತು ಪುರುಷಪ್ರಯತ್ನ, ಈಶ್ವರನ ಅಸ್ತಿತ್ವ, ವಿಗ್ರಹಾರಾಧನೆ ಮೊದಲಾದ ವಿಷಯಗಳನ್ನು ಎರಡು ಪಕ್ಷಗಳಾಗಿ ನಿಂತು ವಾದಿಸುವುದು ಅಲ್ಲಿಯ ಪದ್ಧತಿ.

ನಿರ್ಬಂಧವು ಒಮ್ಮೆಗೇ ಬರಲಿಲ್ಲ. ೧೮೩೦ರಲ್ಲಿ ವಿದ್ಯಾರ್ಥಿಗಳು ‘ಪಾರ್ಥೆನಾನ್’ ಎಂಬ ಆಂಗ್ಲ ಪತ್ರಿಕೆಯನ್ನು ಹೊರಡಿಸಿದರು. ಸ್ತ್ರೀವಿದ್ಯಾಭ್ಯಾಸ, ಮೂಢಾಚಾರಗಳು, ನ್ಯಾಯಸ್ಥಾನಗಳ ದುಬಾರಿ ವೆಚ್ಚ, ಇವು ಅದರ ವಿಷಯಗಳು. ಮೊದಲನೆಯ ಸಂಚಿಕೆಯಿಂದಲೇ ಗದ್ದಲವೆದ್ದಿತು; ಎರಡನೆಯದು ಅಚ್ಚಾಗಿದ್ದರೂ ಕಾಲೇಜಿನ ಅಧಿಕಾರಿಗಳ ಆಜ್ಞೆಯಿಂದ ಹಂಚಿಕೆಯಾಗದೆ ನಿಂತಿತು. ಅದೇ ವರ್ಷ ಕ್ರೈಸ್ತ ಪಾದ್ರಿಗಳು ವಿದ್ಯಾರ್ಥಿಗಳಿಗಾಗಿ ಉಪನ್ಯಾಸಗಳನ್ನು ಏರ್ಪಡಿಸಲು, ಧರ್ಮವಿಷಯಕವೂ ರಾಜಕೀಯವೂ ಆದ ಚರ್ಚೆಗಳು ನಡೆಯುವ ಸಭೆಗಳಿಗೆ ಕಾಲೇಜಿನ ವಿದ್ಯಾರ್ಥಿಗಳು ಹೋಗಕೂಡದೆಂದು ಆಡಳಿತಮಂಡಲಿಯವರು ಆಜ್ಞೆ ಹೊರಡಿಸಿದರು. ಈ ಸಭೆಗಳು ನಡೆಯುತ್ತಿದ್ದುದು ಕಾಲೇಜಿನ ಹೊರಗೆ. ಹೀಗೆ ಆವರಣದ ಆಚೆಯ ವಿದ್ಯಾರ್ಥಿಜೀವನಕ್ಕೂ ಆಜ್ಞೆಯು ಚಾಚಿಕೊಂಡಿತು. ನಗರದ ಆಂಗ್ಲ ವರ್ತಮಾನಪತ್ರಿಕೆಗಳಲ್ಲಿ ಅದಕ್ಕೆ ಖಂಡನೆಯೂ ಬಂದಿತು.

೧೮೩೧ರ ಏಪ್ರಿಲ್ ೨೩ರಂದು ಆಡಳಿತಮಂಡಲಿಯು ಸಭೆಸೇರಿತು. ಅಂದು ಕುಳಿತಿದ್ದವರಲ್ಲಿ ಮೂವರು ಕೋಶಕಾರರಿದ್ದರೆಂಬುದು ವಿದ್ವಾಂಸರು ಗಮನಿಸತಕ್ಕ ಸಂಗತಿ. ವಿಲ್ಸನ್ನರು ಸಂಸ್ಕೃತ-ಆಂಗ್ಲ ನಿಘಂಟನ್ನು ೧೮೧೯ರಲ್ಲಿ ಪ್ರಕಟಿಸಿದ್ದರು, ರಾಧಾಕಾಂತ ದೇವರು ‘ಶಬ್ದಕಲ್ಪದ್ರುಮ’ದ ಕರ್ತೃಗಳು, ರಾಮಕಮಲ ಸೇನರ ಆಂಗ್ಲ-ಬಂಗಾಳಿ ನಿಘಂಟು ೧೮೩೪ರಲ್ಲಿ ಹೊರಬಂದಿತು. ಡಿರೋಜಿಯೋ ಅವರ ವಿರುದ್ಧ ನಿಂತವರನ್ನು ವಿದ್ಯಾದ್ವೇಷಿಗಳೆಂದು ತಳ್ಳಿಹಾಕುವುದಕ್ಕೆ ಆದುದರಿಂದ ಎಡೆಯಿಲ್ಲ. ರಾಧಾಕಾಂತ ದೇವರು ಸತೀನಿಷೇಧದ ಕಾನೂನನ್ನು ವಿರೋಧಿಸಿದವರು. ಬಾಲಿಕೆಯರ ವಿದ್ಯಾಭ್ಯಾಸಕ್ಕೆ ನೆರವಾದವರೂ ಅವರೇ.

ಸಭೆಯ ಮುಂದಿಟ್ಟ ಲೇಖನದಲ್ಲಿ, ಕುಲೀನ ಮನೆತನಗಳ ಇಪ್ಪತ್ತೈದು ಮಂದಿ ಹುಡುಗರು ಆಗಲೇ ಕಾಲೇಜನ್ನು ಬಿಟ್ಟಿರುವರೆಂದೂ ಸುಮಾರು ನೂರರವತ್ತು ಮಂದಿ ಗೈರುಹಾಜರಾಗಿರುವರೆಂದೂ ಹೇಳಿತ್ತು. ಮೊದಲನೆಯ ಪ್ರಶ್ನೆ: ಡಿರೋಜಿಯೋ ಅವರ ನೀತಿ ಮತ್ತು ಧಾರ್ಮಿಕ ಅಭಿಪ್ರಾಯಗಳು ಅವರನ್ನು ಉಪಾಧ್ಯಾಯ ಪದವಿಗೆ ಅನರ್ಹರನ್ನಾಗಿ ಮಾಡುವವೆಂದು ನಂಬುವುದಕ್ಕೆ ನ್ಯಾಯವಾದ ಆಧಾರವಿದೆಯೆ? ರಾಧಾಕಾಂತ ದೇವರು ಇದೆಯೆಂದರು. ವಿಲ್ಸನ್ನರು ಇಲ್ಲವೆಂದರು. ಹೇರ್ ಅವರು ಡಿರೋಜಿಯೋ ಬಹು ಸಮರ್ಥ ಉಪಾಧ್ಯಾಯರೆಂದು ಪ್ರಶಂಸಿಸಿದರು. ಪ್ರಸನ್ನಕುಮಾರ ಠಾಕೂರರು ಪ್ರಮಾಣವಿಲ್ಲವೆಂಬ ಕಾರಣದಿಂದ ದೋಷಮುಕ್ತಗೊಳಿಸಿದರು. ರಸಮಯ ದತ್ತರಿಗೆ ಲೋಕವಾರ್ತೆಯ ಹೊರತು ಬೇರೇನೂ ತಿಳಿದಿರಲಿಲ್ಲ. ಕೊನೆಗೆ, ಸ್ವಂತ ತಿಳಿವಳಿಕೆಯಿಂದ ನಿರ್ಣಯ ಹೇಳುವುದು ಬಹುಮಂದಿ ಸಭಾಸದರಿಗೆ ಅಶಕ್ಯವಾದುದರಿಂದ, ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಎರಡನೆಯದನ್ನು ಎತ್ತಿಕೊಂಡರು: ಕಲ್ಕತ್ತೆಯ ಹಿಂದೂಗಳ ಈಗಿನ ಮನೋಭಾವವನ್ನು ನೋಡಿದರೆ ಅವರನ್ನು ಕೆಲಸದಿಂದ ತೆಗೆಯುವುದು ಉಚಿತವೆ? ಇದಕ್ಕೆ ಹಿಂದೂ ಸಭಾಸದರಲ್ಲಿ ಶ್ರೀಕೃಷ್ಣ ಸಿಂಹರೊಬ್ಬರ ಹೊರತು ಉಳಿದವರೆಲ್ಲರೂ ಸಮ್ಮತಿಸಿದರು. ಪ್ರಶ್ನೆಯು ಹಿಂದೂ ಜನರ ಭಾವನೆಗೆ ಮಾತ್ರ ಸಂಬಂಧಪಟ್ಟುದೆಂದು ವಿಲ್ಸನ್ನರೂ ಹೇರ್ ಅವರೂ ಮತ ಕೊಡದೆ ಹಿಂದೆ ಸರಿದರು.

ಈ ಪ್ರಶ್ನೆಗಳ ಕ್ರಮವೇ ಇಡೀ ಪ್ರಕರಣದ ಮರ್ಮ. ಆರೋಪವು ಸಿದ್ಧವಾಗಲಿಲ್ಲ, ದಂಡನೆ ಮಾತ್ರ ಸಿದ್ಧವಾಯಿತು. ಉಪಾಧ್ಯಾಯರು ಹೇಳಿದ್ದೇನು ಎಂಬುದರ ಸ್ಥಾನದಲ್ಲಿ, ಹೇಳಿದರೆಂದು ಜನರು ನಂಬಿದ್ದೇನು ಎಂಬುದು ಪ್ರಮಾಣವಾಯಿತು. ಒಳ್ಳೆಯ ಅಭಿಪ್ರಾಯವಿದ್ದ ಇಬ್ಬರೂ ಸೌಜನ್ಯದಿಂದ ಮೌನ ತಾಳಿದುದು ಆ ದಂಡನೆಗೆ ದಾರಿಯನ್ನು ಸುಗಮಗೊಳಿಸಿತು.

ಏಪ್ರಿಲ್ ೨೫ರಂದು ಡಿರೋಜಿಯೋ ಅವರು ರಾಜೀನಾಮೆಯನ್ನು ಕಳುಹಿಸಿ, ತಮ್ಮನ್ನು ಕರೆದು ಕೇಳದೆಯೇ, ತಮ್ಮ ಮಾತಿಗೆ ಎಡೆಗೊಡದೆಯೇ ತೀರ್ಪಾಯಿತೆಂದು ಆಕ್ಷೇಪಿಸಿದರು. ವಿಲ್ಸನ್ನರು ಖಾಸಗಿಯಾಗಿ ಮೂರು ಪ್ರಶ್ನೆಗಳನ್ನು ಕೇಳಿದರು: ದೇವರಲ್ಲಿ ನಂಬಿಕೆಯುಂಟೆ, ತಂದೆತಾಯಿಗಳಿಗೆ ವಿಧೇಯರಾಗಿರುವುದು ಧರ್ಮವಲ್ಲವೆಂದು ಬೋಧಿಸಿದಿರಾ, ಒಡಹುಟ್ಟಿದವರ ವಿವಾಹವು ನಿರ್ದೋಷವೆಂದಿರಾ ಎಂದು. ಮರುದಿನದ ಉತ್ತರದಲ್ಲಿ ಡಿರೋಜಿಯೋ ಅವರು ಕಡೆಯ ಎರಡನ್ನೂ ಅಲ್ಲಗಳೆದರು. ತಂದೆಯ ಮನೆಯನ್ನು ಬಿಡಬೇಕೆಂದಿದ್ದ ದಕ್ಷಿಣಾರಂಜನ ಮುಖೋಪಾಧ್ಯಾಯನೆಂಬ ವಿದ್ಯಾರ್ಥಿಗೆ ಹಾಗೆ ಮಾಡಬೇಡವೆಂದು ತಾವೇ ಬುದ್ಧಿ ಹೇಳಿದುದನ್ನು ನಿದರ್ಶನವಾಗಿ ಕೊಟ್ಟರು. ಮೊದಲನೆಯದಕ್ಕೆ ಅವರು ಕೊಟ್ಟ ಸಮಾಧಾನವು ವಿಚಾರಾರ್ಹವಾದುದು. ಈಶ್ವರನಿಲ್ಲವೆಂದು ತಾವು ಎಂದೂ ಬೋಧಿಸಲಿಲ್ಲ. ಹ್ಯೂಮನ ಸಂಶಯವಾದವನ್ನು ವಿದ್ಯಾರ್ಥಿಗಳಿಗೆ ತಿಳಿಸಿದಂತೆ, ಅದಕ್ಕೆ ರೀಡ್ ಮತ್ತು ಡುಗಾಲ್ಡ್ ಸ್ಟುವರ್ಟರು ಕೊಟ್ಟ ಉತ್ತರಗಳನ್ನೂ ತಿಳಿಸಿದೆನೆಂದರು. ಪೂರ್ವಪಕ್ಷವನ್ನು ಪೂರ್ಣವಾಗಿ ನಿರೂಪಿಸಿದ ಬಳಿಕವೇ ಸಿದ್ಧಾಂತವನ್ನು ಸ್ಥಾಪಿಸುವುದು ಭಾರತೀಯ ಶಾಸ್ತ್ರಕಾರರ ಸಂಪ್ರದಾಯ. ನಾಸ್ತಿಕ ಮತವನ್ನು ಉಲ್ಲೇಖಿಸಿದ ಮಾತ್ರಕ್ಕೆ ಮಾಧವಾಚಾರ್ಯರನ್ನು ಚಾರ್ವಾಕರೆನ್ನುವವರಿಲ್ಲ. ಸಂಸ್ಕೃತ ಪಂಡಿತರೇ ಕುಳಿತಿದ್ದ ಸಭೆಯಲ್ಲಿ ಈ ನ್ಯಾಯವು ತರುಣ ಉಪಾಧ್ಯಾಯರಿಗೆ ದೊರೆಯದೆ ಹೋಯಿತು. ಅದೇ ವರ್ಷದ ಡಿಸೆಂಬರ್ ೨೬ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ಕಾಲರಾ ಬೇನೆಯಿಂದ ತೀರಿಕೊಂಡರು.

ಕಾಲೇಜಿನಿಂದ ಹೊರದೂಡಿದ ಚರ್ಚೆಯು ಅಳಿಯಲಿಲ್ಲ. ೧೮೩೧ರಲ್ಲಿಯೇ ಕೃಷ್ಣಮೋಹನ ಬಂದ್ಯೋಪಾಧ್ಯಾಯರ ‘ಎನ್‌ಕ್ವೈರರ್’ ಮತ್ತು ದಕ್ಷಿಣಾರಂಜನರ ‘ಜ್ಞಾನಾನ್ವೇಷಣ’ ಎಂಬ ಪತ್ರಿಕೆಗಳು ಹೊರಟವು. ಗುರುವಿನ ಸಮ್ಮುಖದಲ್ಲಿ ಎರಡು ಪಕ್ಷಗಳಾಗಿ ನಡೆಯುತ್ತಿದ್ದ ವಾದವು ಈಗ ಬೀದಿಯಲ್ಲಿ ಒಂದೇ ಪಕ್ಷದ ಕೂಗಾಗಿ ಹೆಚ್ಚು ತೀಕ್ಷ್ಣವಾಯಿತು. ಯಾವ ಕ್ಷೋಭೆಯನ್ನು ತಪ್ಪಿಸಬೇಕೆಂದು ಮಂಡಲಿಯವರು ಡಿರೋಜಿಯೋ ಅವರನ್ನು ತೆಗೆದರೋ ಅದು ಆ ವರ್ಷವೇ ಇಮ್ಮಡಿಯಾಯಿತು.

ಅವರ ಶಿಷ್ಯರು ೧೮೩೮ರಲ್ಲಿ ‘ಸಾಧಾರಣ ಜ್ಞಾನೋಪಾರ್ಜಿಕಾ ಸಭಾ’ ಎಂಬ ಸಂಘವನ್ನು ಕಟ್ಟಿದರು. ತಾರಾಚಂದ ಚಕ್ರವರ್ತಿಗಳು ಅದರ ಅಧ್ಯಕ್ಷರು. ಕಾಲೇಜಿನ ಮಂಡಲಿಯ ಅನುಮತಿಯನ್ನು ಪಡೆದು ಅವರು ಕಾಲೇಜಿನ ಸಭಾಂಗಣದಲ್ಲಿಯೇ ಕೂಡುತ್ತಿದ್ದರು. ೧೮೪೩ರ ಫೆಬ್ರವರಿ ೮ರಂದು ದಕ್ಷಿಣಾರಂಜನ ಮುಖೋಪಾಧ್ಯಾಯರು, ಎಂದರೆ ಡಿರೋಜಿಯೋ ಅವರ ಪತ್ರದಲ್ಲಿ ಬರುವ ಆ ವಿದ್ಯಾರ್ಥಿಯೇ, ಬಂಗಾಳದಲ್ಲಿ ಕಂಪೆನಿ ಸರ್ಕಾರದ ಫೌಜದಾರಿ ನ್ಯಾಯಸ್ಥಾನಗಳ ಮತ್ತು ಪೋಲೀಸಿನ ಸ್ಥಿತಿಯನ್ನು ಕುರಿತು ಪ್ರಬಂಧವನ್ನೋದತೊಡಗಿದರು. ಪ್ರಿನ್ಸಿಪಾಲರಾದ ಕ್ಯಾಪ್ಟನ್ ರಿಚರ್ಡ್ಸನ್ನರು ನಡುವೆ ಎದ್ದುನಿಂತು, ಕಾಲೇಜಿನ ಸಭಾಂಗಣವನ್ನು ರಾಜದ್ರೋಹದ ಬೀಡಾಗಿ ಮಾಡುವುದಕ್ಕೆ ತಾವು ಬಿಡಲಾರೆವೆಂದರು. ರಿಚರ್ಡ್ಸನ್ನರು ಕವಿಗಳು; ಷೇಕ್ಸ್‌ಪಿಯರನ ನಾಟಕಗಳ ಬೋಧನೆಗೆ ಹೆಸರಾಂತವರು. ತಾರಾಚಂದರು ಅಧ್ಯಕ್ಷಪೀಠದಿಂದ, ತಾವು ಇಲ್ಲಿ ಕೇವಲ ಪ್ರೇಕ್ಷಕರು, ಸಭಾಂಗಣವು ನಮಗೆ ದೊರೆತಿರುವುದು ಮಂಡಲಿಯಿಂದ, ಮಾತನ್ನು ಹಿಂದೆಗೆದುಕೊಳ್ಳದಿದ್ದರೆ ನಾವು ಮಂಡಲಿಗೂ ಬೇಕಾದರೆ ಸರ್ಕಾರಕ್ಕೂ ದೂರು ಕೊಡುವೆವು ಎಂಬ ಭಾವದಿಂದ ಉತ್ತರಿಸಿದರು.

೧೮೩೧ರ ಪ್ರಕರಣದಲ್ಲಿ ಉಪಾಧ್ಯಾಯರ ಪರವಾಗಿ ಮಾತನಾಡಬಲ್ಲವರು ಮೌನದಿಂದ ಹಿಂದೆ ಸರಿದರು. ೧೮೪೩ರಲ್ಲಿ ಅಧ್ಯಕ್ಷರು ತಮ್ಮ ಹಕ್ಕೇನೆಂಬುದನ್ನು ತಿಳಿದು ಸ್ಥಳದಲ್ಲಿಯೇ ಪ್ರತಿಭಟಿಸಿದರು. ಈ ವ್ಯತ್ಯಾಸವೇ ನಡುವಣ ಹನ್ನೆರಡು ವರ್ಷಗಳ ಫಲ. ಆದರೆ ಪೋಲೀಸಿನವರ ಅನ್ಯಾಯದ ವಿಚಾರವಾಗಿ ಹೇಳಿದ್ದು ನಿಜವೆ ಎಂದು ರಿಚರ್ಡ್ಸನ್ನರು ಕೇಳಲಿಲ್ಲ; ಡಿರೋಜಿಯೋ ಅವರ ವಿಷಯದಲ್ಲಿ ಮಂಡಲಿಯವರು ಕೇಳಿದಷ್ಟು ಕೂಡ ಕೇಳಲಿಲ್ಲ. ಅಲ್ಲಿ ಜನರ ಮನಸ್ಸು ನೊಂದಿತೆಂಬುದು ಕಾರಣ. ಇಲ್ಲಿ ರಾಜಭಕ್ತಿಗೆ ಕುಂದು ಬಂದಿತೆಂಬುದು. ಪ್ರಬಂಧವು ಮರುತಿಂಗಳು ‘ಬೆಂಗಾಲ್ ಹರ್ಕಾರು’ ಪತ್ರಿಕೆಯಲ್ಲಿ ಅಚ್ಚಾಯಿತು. ಏಪ್ರಿಲ್ ೨೦ರಂದು ಜಾರ್ಜ್ ಥಾಮ್ಸನ್ನರ ಅಧ್ಯಕ್ಷತೆಯಲ್ಲಿ ಇದೇ ತರುಣರು ಸೇರಿ ಬೆಂಗಾಲ್ ಬ್ರಿಟಿಷ್ ಇಂಡಿಯಾ ಸೊಸೈಟಿಯೆಂಬ ರಾಜಕೀಯ ಸಂಘವನ್ನು ಸ್ಥಾಪಿಸಿದರು.

ಹಿಂದೂ ಕಾಲೇಜು ೧೮೫೫ರಲ್ಲಿ ಪ್ರೆಸಿಡೆನ್ಸಿ ಕಾಲೇಜಾಗಿ ಪೂರ್ಣವಾಗಿ ಸರ್ಕಾರದ ಕೈಸೇರಿತು. ಮುಂದೆ ೧೯೦೫ರ ಅಕ್ಟೋಬರಿನಲ್ಲಿ, ವಂಗಭಂಗದ ಚಳವಳಿಯಲ್ಲಿ ಸೇರುವ ವಿದ್ಯಾರ್ಥಿಗಳನ್ನು ತಡೆಯದ ಶಾಲಾಕಾಲೇಜುಗಳಿಗೆ ಸಹಾಯಧನವನ್ನು ನಿಲ್ಲಿಸುವುದಾಗಿ ಕಾರ್ಲೈಲರ ಸುತ್ತೋಲೆಯು ಎಚ್ಚರಿಸಿತು. ಅದಕ್ಕೆ ಪ್ರತಿಯಾಗಿ ನವೆಂಬರಿನಲ್ಲಿ ಸುತ್ತೋಲೆ ವಿರೋಧೀ ಸಂಘವೂ, ೧೯೦೬ರಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತೂ ಹುಟ್ಟಿದವು. ಒಮ್ಮೆ ಪತ್ರಿಕೆ, ಒಮ್ಮೆ ರಾಜಕೀಯ ಸಂಘ, ಒಮ್ಮೆ ಬೇರೊಂದು ವಿದ್ಯಾಸಂಸ್ಥೆ: ಕಾಲೇಜು ಕೇಳಲೊಲ್ಲದ ಮಾತು ಮೂರು ಬಾರಿಯೂ ಹೊರಗೆ ತನಗೊಂದು ನೆಲೆಯನ್ನು ಕಲ್ಪಿಸಿಕೊಂಡಿತು. ಹಾಗೆಂದು ನಷ್ಟವೇನೂ ಆಗಲಿಲ್ಲವೆನ್ನುವಂತಿಲ್ಲ. ಹ್ಯೂಮನೊಡನೆ ರೀಡನನ್ನೂ ಓದಿಸಬಲ್ಲ ಉಪಾಧ್ಯಾಯನು ಬೀದಿಯಲ್ಲಿ ಸಿಕ್ಕುವುದಿಲ್ಲ. ಎರಡು ಪಕ್ಷಗಳನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿ ವಿಚಾರಿಸುವ ಕೆಲಸವು ವಿದ್ಯಾಶಾಲೆಗೆ ಮಾತ್ರ ಸಾಧ್ಯವಾದುದು. ೧೮೩೧ರ ಏಪ್ರಿಲಿನಲ್ಲಿ ಹಿಂದೂ ಕಾಲೇಜು ಕಳೆದುಕೊಂಡುದು ಅದನ್ನೇ.