ಸೀಲಿಂಗ್ ಫ್ಯಾನಿನ ಧ್ವನಿ ನಿಯಂತ್ರಣ

ಚಾವಣಿಯ ಫ್ಯಾನನ್ನು ಮಾತಿನಿಂದಲೇ ಓಡಿಸುವ, ನಿಲ್ಲಿಸುವ, ಅದರ ವೇಗವನ್ನು ಏರಿಳಿಸುವ ವ್ಯವಸ್ಥೆ. ಗೋಡೆಯ ಸ್ವಿಚ್ಚು, ರೆಗ್ಯುಲೇಟರುಗಳ ಕೆಲಸವನ್ನು ಇಲ್ಲಿ ವೈಫೈ ಸಂಪರ್ಕವಿರುವ ನಿಯಂತ್ರಕವೊಂದು ಮಾಡುತ್ತದೆ. ಮಾತನ್ನು ಕೇಳಿಸಿಕೊಳ್ಳುವ ಹೊಣೆ ಸ್ಮಾರ್ಟ್ ಸ್ಪೀಕರ್ ಅಥವಾ ಮೊಬೈಲ್ ಫೋನಿನದು. ಅಮೆಜಾನ್ ಕಂಪನಿಯ ಎಕೋ ಸ್ಪೀಕರ್ ಅಮೆರಿಕದಲ್ಲಿ 2014ರಲ್ಲೂ ಭಾರತದಲ್ಲಿ 2017ರಲ್ಲೂ ಮಾರಾಟಕ್ಕೆ ಬಂತು. ಗೂಗಲ್ ಹೋಮ್ ಭಾರತಕ್ಕೆ ಬಂದದ್ದು 2018ರಲ್ಲಿ.

ದೀಪವನ್ನು ಮಾತಿನಿಂದ ಹಚ್ಚುವುದಕ್ಕಿಂತ ಫ್ಯಾನನ್ನು ಓಡಿಸುವುದು ಕಷ್ಟ. ದೀಪಕ್ಕೆ ಹತ್ತುವುದು, ಆರುವುದು ಗೊತ್ತಿದ್ದರೆ ಸಾಕು. ಫ್ಯಾನಿಗೆ ವೇಗವೂ ಇದೆ. ನಮ್ಮ ಮನೆಗಳಲ್ಲಿ ಬಹುಕಾಲದಿಂದ ತಿರುಗುತ್ತಿರುವುದು ಕೆಪಾಸಿಟರ್ ಜೋಡಿಸಿದ ಇಂಡಕ್ಷನ್ ಮೋಟರಿನ ಫ್ಯಾನು. 1200 ಮಿಲಿಮೀಟರ್ ಅಳತೆಯ ಇಂಥ ಫ್ಯಾನು 230 ವೋಲ್ಟಿನಲ್ಲಿ, ಪೂರ್ಣ ವೇಗಕ್ಕೆ ಸುಮಾರು 75 ವಾಟ್ ವಿದ್ಯುತ್ ಎಳೆಯುತ್ತದೆ. ವೇಗ ತಗ್ಗಬೇಕೆಂದರೆ ಮೋಟರಿಗೆ ಸಿಗುವ ವೋಲ್ಟೇಜು ತಗ್ಗಬೇಕು. ಹಳೆಯ ದಪ್ಪ ಡಬ್ಬಿಯ ರೆಗ್ಯುಲೇಟರುಗಳು ರೋಧಕ ತಂತಿಯಿಂದ ಇದನ್ನು ಸಾಧಿಸುತ್ತ ತಾವೇ ಬಿಸಿಯಾಗುತ್ತಿದ್ದವು. ಈಗ ಹೆಚ್ಚಾಗಿ ಕಾಣುವ ಹಂತಗಳ ರೆಗ್ಯುಲೇಟರಿನಲ್ಲಿ ಬೇರೆ ಬೇರೆ ಅಳತೆಯ ಕೆಪಾಸಿಟರುಗಳು ಮೋಟರಿನೊಂದಿಗೆ ಸರಣಿಯಲ್ಲಿ ಸೇರುತ್ತವೆ. ದೀಪದ ಡಿಮ್ಮರಿನಂತೆ ವಿದ್ಯುತ್ತಿನ ಅಲೆಯನ್ನೇ ಕತ್ತರಿಸುವ ಸಾಧನ ಹಾಕಿದರೆ ಕೆಳ ವೇಗದಲ್ಲಿ ಮೋಟರು ಗುಂಯ್‌ಗುಡುತ್ತದೆ. ಮಲಗುವ ಕೋಣೆಯಲ್ಲಿ ಆ ಸದ್ದು ಸಹಿಸಲಾಗದು. ಆದ್ದರಿಂದ ಫ್ಯಾನಿಗೆಂದೇ ತಯಾರಾದ, ಕೆಪಾಸಿಟರ್ ಹಂತಗಳಿರುವ ಸ್ಮಾರ್ಟ್ ಮಾಡ್ಯೂಲನ್ನು ಕೇಳಿ ಕೊಳ್ಳಬೇಕು.

ಈ ಮಾಡ್ಯೂಲು ಸ್ವಿಚ್‌ಬೋರ್ಡಿನ ಹಿಂದೆ ಕೂರುತ್ತದೆ. ಅದು ಕೂತ ಮೇಲೆ ಹಳೆಯ ರೆಗ್ಯುಲೇಟರನ್ನು ತೆಗೆದುಬಿಡಬೇಕು. ಎರಡೂ ಒಂದರ ಹಿಂದೊಂದು ಉಳಿದರೆ ವೇಗದ ಲೆಕ್ಕ ತಪ್ಪುತ್ತದೆ. ಸದಾ ಎಚ್ಚರವಾಗಿರಬೇಕಾದ್ದರಿಂದ ಮಾಡ್ಯೂಲಿಗೆ ಫೇಸ್ ಜೊತೆಗೆ ನ್ಯೂಟ್ರಲ್ ತಂತಿಯೂ ಬೇಕು. ಅಮೆರಿಕದ ಹಳೆಯ ಮನೆಗಳ ಸ್ವಿಚ್ ಪೆಟ್ಟಿಗೆಗಳಲ್ಲಿ ನ್ಯೂಟ್ರಲ್ ಇಲ್ಲದಿರುವುದು ಅಲ್ಲಿನವರಿಗೆ ದೊಡ್ಡ ತಲೆನೋವು. ನಮ್ಮಲ್ಲಿ ಒಂದೇ ಬೋರ್ಡಿನಲ್ಲಿ ಸ್ವಿಚ್ಚುಗಳ ಪಕ್ಕ ಪ್ಲಗ್ ಪಾಯಿಂಟೂ ಇರುವುದು ರೂಢಿ. ಆ ಪಾಯಿಂಟಿಗಾಗಿ ಬಂದ ನ್ಯೂಟ್ರಲ್ ಇಲ್ಲಿ ಒದಗುತ್ತದೆ. ಬರೀ ಸ್ವಿಚ್ಚುಗಳಿರುವ ಬೋರ್ಡಾದರೆ ಮೊದಲೇ ಬಿಚ್ಚಿ ನೋಡಿಸುವುದು ಒಳ್ಳೆಯದು. ಎಂಸಿಬಿ ಇಳಿಸಿ, ಟೆಸ್ಟರಿನಿಂದ ಪರೀಕ್ಷಿಸಿದ ಮೇಲೆ ಕೈ ಹಾಕಬೇಕಾದ ಈ ಕೆಲಸ ಎಲೆಕ್ಟ್ರಿಷಿಯನ್ನರಿಗೆ ಸೇರಿದ್ದು.

ಹೊಸ ಫ್ಯಾನನ್ನೇ ಕೊಳ್ಳುವವರಿಗೆ ಬಿಎಲ್‌ಡಿಸಿ ಮೋಟರಿನ ಫ್ಯಾನು ಹೆಚ್ಚು ಸರಿಯಾದ ಆಯ್ಕೆ. ಮನೆಯ ಎಸಿ ವಿದ್ಯುತ್ತನ್ನು ಫ್ಯಾನಿನೊಳಗಿನ ಸರ್ಕ್ಯೂಟೇ ಡಿಸಿಯಾಗಿಸಿ, ಸುರುಳಿಗಳಿಗೆ ಸರದಿಯಂತೆ ಹರಿಸಿ, ಆಯಸ್ಕಾಂತವಿರುವ ಭಾಗವನ್ನು ತಿರುಗಿಸುತ್ತದೆ. ಪೂರ್ಣ ವೇಗದಲ್ಲೂ ಇದಕ್ಕೆ 30 ವಾಟಿನ ಆಸುಪಾಸು ಸಾಕು. 2012ರಲ್ಲಿ ಐಐಟಿ ಬಾಂಬೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಆಟಂಬರ್ಗ್ ಕಂಪನಿ ಭಾರತದಲ್ಲಿ ಇಂಥ ಫ್ಯಾನುಗಳನ್ನು ಮನೆಮಾತಾಗಿಸಿತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾದದ್ದೂ ಇವುಗಳಿಗೆ ಅನುಕೂಲವಾಯಿತು. ವೇಗದ ಲೆಕ್ಕ ಫ್ಯಾನಿನೊಳಗೇ ನಡೆಯುವುದರಿಂದ ವೈಫೈ ಸೇರಿಸುವುದೊಂದೇ ಉಳಿಯುತ್ತದೆ. ಇಂಥ ಫ್ಯಾನನ್ನು ರೆಗ್ಯುಲೇಟರಿಗೆ ಜೋಡಿಸಬಾರದು. ಗೋಡೆಯ ಸ್ವಿಚ್ಚು ಸದಾ ಹಾಕಿಯೇ ಇರಬೇಕು. ಕೋಣೆಯಿಂದ ಹೊರಡುವಾಗ ಸ್ವಿಚ್ಚು ಆರಿಸುವುದು ನಮಗೆ ಬಾಲ್ಯದಿಂದ ಕಲಿಸಿದ ಒಳ್ಳೆಯ ಅಭ್ಯಾಸ, ಆದರೆ ಹಾಗೆ ಆರಿಸಿದೊಡನೆ ಫ್ಯಾನಿನ ವೈಫೈ ಕೂಡ ಸಾಯುತ್ತದೆ. ಫ್ಯಾನು ಉತ್ತರಿಸುತ್ತಿಲ್ಲವೆಂದು ಸ್ಪೀಕರ್ ಹೇಳಿದಾಗ ಮೊದಲು ನೋಡಬೇಕಾದ್ದು ಈ ಸ್ವಿಚ್ಚನ್ನು.

ವೈಫೈ ಇಲ್ಲದ, ಅವಕೆಂಪು ಕಿರಣದ ರಿಮೋಟಿನ ಫ್ಯಾನಿದ್ದರೆ ಆ ರಿಮೋಟಿನ ಸಂಕೇತಗಳನ್ನು ಕಲಿತು ಮರುಕಳಿಸುವ ಪುಟ್ಟ ಸಾಧನವನ್ನು ಕೋಣೆಯಲ್ಲಿಡಬಹುದು. ಇದು ಅಗ್ಗ, ತಂತಿ ಮುಟ್ಟಬೇಕಿಲ್ಲ. ಆದರೆ ಸಂಕೇತ ಹೋಗುವುದು ಒಂದೇ ದಿಕ್ಕಿಗೆ; ಫ್ಯಾನು ನಿಜಕ್ಕೂ ಓಡುತ್ತಿದೆಯೋ ಇಲ್ಲವೋ ಸಾಧನಕ್ಕೆ ತಿಳಿಯುವುದಿಲ್ಲ.

ಜೋಡಣೆಯಲ್ಲಿ ಜನ ಹೆಚ್ಚಾಗಿ ಸಿಕ್ಕಿಕೊಳ್ಳುವುದು ವೈಫೈನಲ್ಲಿ. ಇಂಥ ಬಹುಪಾಲು ಸಾಧನಗಳು 2.4 ಗಿಗಾಹರ್ಟ್ಸ್ ಜಾಲವನ್ನಷ್ಟೇ ಬಲ್ಲವು. ಫೋನು 5 ಗಿಗಾಹರ್ಟ್ಸ್ ಜಾಲದಲ್ಲಿದ್ದರೆ ಎಷ್ಟೋ ಸಲ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ. ಮೊದಲು ತಯಾರಕರ ಆ್ಯಪಿನಲ್ಲಿ ಫ್ಯಾನನ್ನು ನೋಂದಾಯಿಸಿ, ಆಮೇಲೆ ಎಕೋ ಸ್ಪೀಕರಿನ ಧ್ವನಿ ಸಹಾಯಕಿಯಾದ ಅಲೆಕ್ಸಾ ಅಥವಾ ಗೂಗಲ್ ಹೋಮ್ ಆ್ಯಪಿನಲ್ಲಿ ಆ ಖಾತೆಯನ್ನು ಸೇರಿಸಿದರೆ ಫ್ಯಾನು ಅಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಇಡುವ ಹೆಸರಿನ ಬಗ್ಗೆ ಯೋಚಿಸಬೇಕು. ಮನೆಯಲ್ಲಿ ಎರಡು ಫ್ಯಾನಿಗೆ ಒಂದೇ ಹೆಸರಿದ್ದರೆ ಸ್ಪೀಕರಿಗೆ ಗೊಂದಲ. ಬರೀ ‘ಬೆಡ್‌ರೂಮ್’ ಎಂದು ಹೆಸರಿಟ್ಟರೆ ಕೋಣೆಯ ಹೆಸರಿನೊಂದಿಗೆ ಬೆರೆತು ದೀಪಗಳೂ ಆರಬಹುದು. ‘ಬೆಡ್‌ರೂಮ್ ಫ್ಯಾನ್’ ಎಂದರೆ ಆ ತೊಡಕಿಲ್ಲ. ಕೆಲವು ಸಾಧನಗಳು ವೇಗವನ್ನು ಹಂತದಲ್ಲಿ ಎಣಿಸಿದರೆ ಕೆಲವು ಶೇಕಡಾ ಲೆಕ್ಕ ಹಿಡಿಯುತ್ತವೆ: ಐದು ಹಂತದ ಫ್ಯಾನಿನ ಮೂರನೆಯ ಹಂತ ಅವುಗಳಿಗೆ 60. ಸ್ಪೀಕರನ್ನು ಫ್ಯಾನಿನ ನೇರ ಕೆಳಗೆ ಇಡುವುದೂ ಸರಿಯಲ್ಲ; ಮೈಕಿಗೆ ಗಾಳಿ ಬಡಿದು ಮಾತು ಮಸುಕಾಗುತ್ತದೆ.

ಕರೆಯುವ ಪದವನ್ನು ಸ್ಪೀಕರ್ ತಾನೇ ಗುರುತಿಸುತ್ತದೆ. ಅನಂತರದ ಮಾತು ಸಾಮಾನ್ಯವಾಗಿ ಅಂತರ್ಜಾಲದ ಮೂಲಕ ಕಂಪನಿಯ ಸರ್ವರಿಗೆ ಹೋಗಿ, ಪಠ್ಯವಾಗಿ, ಅರ್ಥವಾಗಿ, ಫ್ಯಾನು ತಯಾರಕರ ಸರ್ವರಿಗೆ ಆಜ್ಞೆಯಾಗಿ ದಾಟಿ, ಮನೆಯ ರೌಟರಿಗೆ ಮರಳಿ ಫ್ಯಾನನ್ನು ಮುಟ್ಟುತ್ತದೆ. ಮೇಲಿನ ಫ್ಯಾನಿಗೆ ಹೇಳಿದ ಮಾತು ಊರೆಲ್ಲ ಸುತ್ತಿ ಬರುತ್ತದೆಂಬುದು ತಿಳಿದಿದ್ದರೆ ಎಷ್ಟೋ ತೊಂದರೆಗಳ ಮೂಲ ಸಿಗುತ್ತದೆ. ಕರೆಂಟ್ ಹೋದಾಗ ಇನ್ವರ್ಟರಿನಿಂದ ಫ್ಯಾನು ತಿರುಗುತ್ತಿದ್ದರೂ ರೌಟರಿಗೂ ಸ್ಪೀಕರಿಗೂ ಇನ್ವರ್ಟರಿನ ಪಾಯಿಂಟ್ ಇಲ್ಲದಿದ್ದರೆ ಮಾತು ನಡೆಯುವುದಿಲ್ಲ. ಈ ಸುತ್ತನ್ನು ಕಿರಿದಾಗಿಸುವ ಪ್ರಯತ್ನಗಳಲ್ಲಿ ಮ್ಯಾಟರ್ ಎಂಬ ಸಾಮಾನ್ಯ ಮಾನದಂಡ ಮುಖ್ಯವಾದುದು. 2022ರಲ್ಲಿ ಅದರ ಮೊದಲ ಆವೃತ್ತಿ ಬಂತು, 2023ರ 1.2 ಆವೃತ್ತಿಯಲ್ಲಿ ಫ್ಯಾನೂ ಸೇರಿತು. ಇದರಿಂದ ಬೇರೆ ಬೇರೆ ಕಂಪನಿಗಳ ಸಾಧನಗಳು ಮನೆಯ ಜಾಲದೊಳಗೇ ಪರಸ್ಪರ ಮಾತಾಡಬಲ್ಲವು.

ಎದ್ದು ಹೋಗಿ ಸ್ವಿಚ್ಚು ಒತ್ತಬಲ್ಲವರಿಗೆ ಧ್ವನಿ ನಿಯಂತ್ರಣ ಒಂದು ಅನುಕೂಲ, ಅಷ್ಟೆ. ಪಾರ್ಶ್ವವಾಯುವಾದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ, ನಡುರಾತ್ರಿ ಸೆಕೆಯಾದರೂ ಮಗನನ್ನು ಎಬ್ಬಿಸಲು ಮನಸ್ಸಾಗದೆ ಮಲಗಿರುವ ಅಜ್ಜಿಗೆ ಅದು ತನ್ನ ಕೋಣೆಯ ಗಾಳಿಯ ಮೇಲೆ ಮರಳಿ ಸಿಕ್ಕ ಅಧಿಕಾರ. ಇಲ್ಲಿಯೇ ಭಾಷೆಯ ಕೊರತೆ ನೋಯಿಸುತ್ತದೆ. ಅಲೆಕ್ಸಾ ಭಾರತದಲ್ಲಿ ಇಂಗ್ಲಿಷಿನೊಂದಿಗೆ ಆರಂಭವಾಗಿ 2019ರಲ್ಲಿ ಹಿಂದಿ ಕಲಿಯಿತು. ‘ಫ್ಯಾನ್ ಸ್ವಲ್ಪ ಜೋರು ಮಾಡು’ ಎಂಬ ಕನ್ನಡದ ಮಾತು ಅದಕ್ಕೆ ಸಲ್ಲುವುದಿಲ್ಲ. ಅಜ್ಜಿ ಇಂಗ್ಲಿಷಿನ ಮೂರು ಪದಗಳನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಆ್ಯಪಿನ ರೂಟೀನ್ ಸೌಲಭ್ಯದಲ್ಲಿ ಅವರಿಗೆ ಹೇಳಲು ಸುಲಭವಾದ ಎರಡು ಚಿಕ್ಕ ಪದಗಳನ್ನು ಆಯ್ದು, ಅವಕ್ಕೆ ಫ್ಯಾನಿನ ವೇಗವನ್ನು ಗಂಟುಹಾಕಿ, ಅವರ ಬಾಯಿಂದಲೇ ಹತ್ತಾರು ಬಾರಿ ಹೇಳಿಸಿ ನೋಡುವುದು ಈಗ ಮಾಡಬಹುದಾದ ಉಪಾಯ. ಮಾತನ್ನು ಪಠ್ಯವಾಗಿಸುವ ವಿಸ್ಪರ್ ಎಂಬ ಮುಕ್ತ ಮಾದರಿಯ ಭಾಷಾಪಟ್ಟಿಯಲ್ಲಿ ಕನ್ನಡವಿದೆ; ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶದೊಂದಿಗೆ ಅದನ್ನು ಮನೆಯ ಕಂಪ್ಯೂಟರಿನಲ್ಲೇ ನಡೆಸುವುದಕ್ಕೂ ಸಾಧ್ಯವಿದೆ, ತಂತ್ರಜ್ಞಾನ ಬಲ್ಲವರೊಬ್ಬರು ಮನೆಯಲ್ಲಿದ್ದು ತಾಳ್ಮೆಯಿಂದ ಕೂತರೆ.