ಕಾರು ತಗ್ಗಿಸಿದ ಮೇಲೆ ಟೈರ್ ಒಳಗಡೆಯೇ ಸವೆಯೋದು ಯಾಕೆ?

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದವರಿಗೆ ಮೊದಲ ಹೊಡೆತ ಬೀಳೋದು ಟೈರಿಗೆ. ಹೊರಗಿಂದ ನೋಡಿದರೆ ಗ್ರಿಪ್ ಚೆನ್ನಾಗೇ ಇರುತ್ತೆ, ಒಳ ಅಂಚು ಮಾತ್ರ ತಂತಿ ಕಾಣುವಷ್ಟು ಸವೆದಿರುತ್ತೆ. ಪಂಕ್ಚರ್‌ಗೆಂದು ಚಕ್ರ ಬಿಚ್ಚಿದಾಗಲೇ ಎಷ್ಟೋ ಜನಕ್ಕೆ ಗೊತ್ತಾಗೋದು.

ಬಾಡಿ ಕೆಳಗಿಳಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಇದು ನೆಗೆಟಿವ್ ಕ್ಯಾಂಬರ್. ಜೊತೆಗೆ ಟೈ ರಾಡ್ ಕೋನ ಬದಲಾಗಿ ಮುಂದಿನ ಚಕ್ರಗಳು ನೇರ ತಪ್ಪುತ್ತವೆ. ಇದು ಟೋ. ಹೆಚ್ಚಿನವರು ಕ್ಯಾಂಬರನ್ನೇ ದೂರುತ್ತಾರೆ, ಆದರೆ ಟೈರನ್ನು ಬೇಗ ತಿನ್ನೋದು ಟೋ. ಚಕ್ರ ಉರುಳುತ್ತಲೇ ರಸ್ತೆಗೆ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ತಂತಿ ಕಾಣದ ಟೈರಾದರೆ ಅಂಗೈಯನ್ನು ಅಡ್ಡಲಾಗಿ ಆಡಿಸಿ ನೋಡಿ: ಹೋಗುವಾಗ ನುಣುಪು, ಬರುವಾಗ ಗರಗಸದ ಹಲ್ಲಿನಂತೆ ತಡೆದರೆ ಟೋ ಕೆಟ್ಟಿದೆ ಅಂತಲೇ ಲೆಕ್ಕ.

ಹೊಸ ಸ್ಪ್ರಿಂಗ್ ಸರಿಯಾಗಿ ಕೂರಲು ಒಂದೆರಡು ವಾರ ಬೇಕು. ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿದ್ದರೂ ಆಮೇಲೆ ಇನ್ನೊಮ್ಮೆ ಮಾಡಿಸಿ, ರೀಡಿಂಗ್ ಪ್ರಿಂಟ್ ಕೇಳಿ ಪಡೆಯಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಅಂಗಡಿಯವರು ಸರಿಮಾಡಬಹುದಾದ್ದು ಮುಂದಿನ ಟೋ ಮಾತ್ರ. ಕ್ಯಾಂಬರ್‌ಗೆ ಬೇರೆ ಬೋಲ್ಟ್ ಹಾಕಿಸಬೇಕಾಗುತ್ತೆ. ಬ್ಯಾಲೆನ್ಸಿಂಗ್ ಇದಕ್ಕೆ ಮದ್ದಲ್ಲ, ಅದು ಚಕ್ರದ ತೂಕದ ವಿಷಯ.

ಸ್ಪ್ರಿಂಗ್ ಸುರುಳಿ ಕತ್ತರಿಸೋದು ಅಗ್ಗವೇನೋ ಹೌದು. ಆದರೆ ಗುಂಡಿಗೆ ಚಕ್ರ ಇಳಿದಾಗ ಅದು ಸೀಟಿನಿಂದಲೇ ಜಾರಬಹುದು. ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ, ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಗ್ರಿಪ್ 1.6 ಮಿ.ಮೀ.ಗೆ ಇಳಿದರೆ ಟೈರ್ ಬದಲಿಸಲೇಬೇಕು. ಅಳೆಯೋದು ಒಳ ಅಂಚಿನಲ್ಲಿ.